ಹಂಸಗೀತೆಗೆ ಎರಡು ಮೇಳ



ಚಳ್ಳಕೆರೆ ತಾಲ್ಲೂಕಿನ ದೊಡ್ಡಉಳ್ಳಾರ್ತಿಯ ಕಡೆಗೆ ಹೋದವರಿಗೆ ಅಲ್ಲಿನ ಬಯಲು ನೆನಪಿರುತ್ತದೆ. ಅಮೃತಮಹಲ್ ದನಗಳ ಕಾವಲಾಗಿದ್ದ ಬಯಲು ಅದು. ಮರ ವಿರಳ, ಗಾಳಿಗೆ ತಡೆಯಿಲ್ಲ. ಅಲ್ಲಿ ಒಂದು ಉರುಮೆ ನುಡಿದರೆ ಅದರ ದನಿ ಬಹುದೂರ ಸಾಗುತ್ತದೆ. ಕಾಡುಗೊಲ್ಲರ ಗಣೆ, ಅಂದರೆ ಅವರ ಆ ಉದ್ದನೆಯ ಕೊಳಲು, ಹಟ್ಟಿಯ ಬೇಲಿಯನ್ನು ದಾಟಿ ಕೇಳಿಸುತ್ತದೆ. ಇಂಥ ಬಯಲಿನಲ್ಲಿ ಡೇರೆ ಹಾಕಿದ್ದ ಟೂರಿಂಗ್ ಟಾಕೀಸಿನಲ್ಲಿ, ಹುಡುಗನಾಗಿದ್ದಾಗ, ನಾನು ಮೊದಲಬಾರಿಗೆ ದೊಡ್ಡ ವಾದ್ಯವೃಂದವೊಂದನ್ನು ಕೇಳಿದೆ. ಚಿತ್ರ 1972ರ 'ನಾಗರಹಾವು'. ಗಾಳಿ ಜೋರಾಗಿ ಬೀಸಿದಾಗಲೆಲ್ಲ ಪಿಟೀಲುಗಳ ಸಾಲು ಮಾಯವಾಗಿ ತಾಳವಾದ್ಯ ಮಾತ್ರ ಉಳಿಯುತ್ತಿತ್ತು. ವಿಜಯಭಾಸ್ಕರ್ ಅವರ ಸಂಗೀತದ ಅರ್ಧವನ್ನು ಮಾತ್ರ ಅಂದು ನಾನು ಕೇಳಿದ್ದೆ ಎಂಬುದು ಎಷ್ಟೋ ವರ್ಷಗಳ ಮೇಲೆ ತಿಳಿಯಿತು.

ಚಲನಚಿತ್ರದ ಹಾಡನ್ನು ಕುರಿತು ನಾವು ಬಹಳ ಮಾತನಾಡುತ್ತೇವೆ. ಪದ ಯಾರದು, ಕಂಠ ಯಾರದು, ರಾಗ ಯಾವುದು ಎಂದು ವಿಚಾರಿಸುತ್ತೇವೆ. ಆದರೆ ಆ ಹಾಡನ್ನು ಹೊತ್ತು ನಿಂತ ವಾದ್ಯವೃಂದವನ್ನು, ಮಾತಿನ ನಡುನಡುವೆ ಸುಳಿದುಹೋಗುವ ಹಿನ್ನೆಲೆ ಸಂಗೀತವನ್ನು, ಗೋಡೆಗೆ ಬಳಿದ ಸುಣ್ಣದಂತೆ ಗಮನಿಸದೆ ಬಿಡುತ್ತೇವೆ. ಒಂದು ಮೇಳವನ್ನು ಇನ್ನೊಂದರೊಡನೆ ತೂಗಿ ನೋಡುವುದು ಹೇಗೆ? ಇದಕ್ಕೆ ನಮ್ಮ ಸೀಮೆಯಲ್ಲೇ ಒಂದು ಅಪೂರ್ವವಾದ ನಿದರ್ಶನವಿದೆ.

ಚಳ್ಳಕೆರೆ ತಾಲ್ಲೂಕಿನ ಇನ್ನೊಂದು ಊರು ತಳುಕು. ಆ ಊರನ್ನು ತಮ್ಮ ಹೆಸರಿನ ಮೊದಲಕ್ಷರವಾಗಿ ಹೊತ್ತ ತ.ರಾ.ಸು. ಅವರು 'ಹಂಸಗೀತೆ' ಎಂಬ ಕಾದಂಬರಿಯನ್ನು ಬರೆದರು. ಹದಿನೆಂಟನೆಯ ಶತಮಾನದ ಚಿತ್ರದುರ್ಗ. ಅಲ್ಲಿ ನಾದವನ್ನೇ ಉಸಿರಾಡಿದ ಭೈರವಿ ವೆಂಕಟಸುಬ್ಬಯ್ಯ. ಈ ಒಂದು ಕೃತಿ ಎರಡು ಚಲನಚಿತ್ರಗಳಿಗೆ ಆಧಾರವಾಯಿತು. 1956ರಲ್ಲಿ ಹಿಂದಿಯ 'ಬಸಂತ್ ಬಹಾರ್'. ಅದಕ್ಕೆ ಶಂಕರ್-ಜೈಕಿಷನ್ ಅವರ ಸಂಗೀತ. 1975ರಲ್ಲಿ ಜಿ.ವಿ. ಅಯ್ಯರ್ ಅವರ ಕನ್ನಡ 'ಹಂಸಗೀತೆ', ಅದಕ್ಕೆ ಎಂ. ಬಾಲಮುರಳಿಕೃಷ್ಣ ಅವರ ಸಂಗೀತ. ಒಂದೇ ಬೀಜದಿಂದ ಎರಡು ನಾದವೃಕ್ಷಗಳು!

ಇಲ್ಲಿ ನನ್ನದೊಂದು ತಪ್ಪೊಪ್ಪಿಗೆ ಇದೆ. ತರಗತಿಯಲ್ಲಿ ಈ ಕಾದಂಬರಿಯನ್ನು ಪಾಠ ಮಾಡುವಾಗ, ಹಿಂದಿಯವರು ಹಂಸವನ್ನು ಒಯ್ದು ಬಣ್ಣದ ಗಿಣಿ ಮಾಡಿದರು ಎಂದು ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದುನಿಂತು, "ಸಾರ್, ತಾವು ಆ ಪಿಕ್ಚರ್ ನೋಡಿದ್ದೀರಾ?" ಎಂದು ಕೇಳಿದ. ನಾನು ನೋಡಿರಲಿಲ್ಲ. ಎರಡು ಹಾಡುಗಳನ್ನು ರೇಡಿಯೋದಲ್ಲಿ ಕೇಳಿದ್ದೆ, ಅಷ್ಟೆ. ಅಂದು ಮಾತು ಬದಲಿಸಿ ಪಾಠ ಮುಂದುವರಿಸಿದೆ. ಆದರೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಚಿತ್ರದ ಕ್ಯಾಸೆಟ್ಟು ದೊರಕಿಸಿಕೊಂಡು ನೋಡಿದೆ. ಆಮೇಲೆ ಕಣ್ಣುಮುಚ್ಚಿ ಕೇಳಿದೆ.

ಕೇಳುತ್ತ ಕೇಳುತ್ತ ನನಗೆ ಹೊಳೆದದ್ದು ಇಷ್ಟು: ವಾದ್ಯವೃಂದದ ಗುಣವನ್ನು ವಾದ್ಯಗಳ ಎಣಿಕೆಯಿಂದ ಅಳೆಯಲಾಗದು. ಅದು ಯಾರ ಪರವಾಗಿ ನುಡಿಯುತ್ತಿದೆ ಎಂದು ಕೇಳಬೇಕು. ಪಾತ್ರದ ಪರವಾಗಿಯೆ? ಅವನನ್ನು ಸುತ್ತುವರಿದ ಲೋಕದ ಪರವಾಗಿಯೆ? ಅಥವಾ ಟಿಕೆಟ್ಟು ಕೊಂಡು ಕುಳಿತ ನಮ್ಮ ಪರವಾಗಿಯೆ?

'ಬಸಂತ್ ಬಹಾರ್' ಕಥೆಯನ್ನು ಉತ್ತರದ ಅರಸೊತ್ತಿಗೆಗೆ ಸಾಗಿಸಿತು. ಅಲ್ಲಿ ವೃಂದವಾದ್ಯ ನುಡಿಯುವುದು ಆಸ್ಥಾನದ ಪರವಾಗಿ. ಪಿಟೀಲುಗಳ ಸಾಲು ಏರುವಾಗ ಕಂಬಸಾಲಿನ ಸಭೆಯೇ ಎದ್ದುನಿಂತಂತೆ ಭಾಸವಾಗುತ್ತದೆ. ಶಂಕರ್-ಜೈಕಿಷನ್ ಅವರ ಮೇಳವನ್ನು ಸ್ವರಲಿಪಿಯಲ್ಲಿ ಹೊಂದಿಸಿಕೊಡುತ್ತಿದ್ದವರು ಗೋವೆಯ ಸೆಬಾಸ್ಟಿಯನ್ ಡಿಸೋಜ. ಪಾಶ್ಚಾತ್ಯ ಬರಹದ ಶಿಸ್ತು, ಹಿಂದೂಸ್ತಾನಿ ರಾಗದ ಬಾಗು ಎರಡೂ ಅಲ್ಲಿ ಕೂಡಿದವು. ಆದರೂ ಚಿತ್ರದ ಪ್ರಸಿದ್ಧವಾದ ಸ್ಪರ್ಧೆಯ ಹಾಡಿನಲ್ಲಿ ಆ ದೊಡ್ಡ ಮೇಳ ವಿನಯದಿಂದ ಹಿಂದೆ ಸರಿಯುತ್ತದೆ. ನಮ್ಮ ಗದಗಿನ ಭೀಮಸೇನ ಜೋಶಿಯವರು ಎದುರಾಳಿಗೆ, ಮನ್ನಾ ಡೇ ನಾಯಕನಿಗೆ ಕಂಠ ಕೊಟ್ಟಿದ್ದಾರೆ. ಕಥೆಯ ಕಟ್ಟಳೆಯಂತೆ ನಾಯಕ ಗೆಲ್ಲಬೇಕು. ಭೀಮಸೇನರನ್ನು ಸೋಲಿಸುವಂತೆ ಹಾಡುವುದು ಹೇಗೆಂದು ತಾವು ಅಂಜಿದ್ದನ್ನು ಮನ್ನಾ ಡೇ ಅವರೇ ಮುಂದೆ ಹೇಳಿಕೊಂಡಿದ್ದಾರೆ. ಕನ್ನಡದ ಕಾದಂಬರಿ, ಕನ್ನಡನಾಡಿನ ಗಾಯಕ. ಸೋಲು ಮಾತ್ರ ಗಾಯಕನ ಪಾಲಿಗೆ! ತೆರೆಯ ಮೇಲೆ ಸೋತ ಆ ದನಿಯನ್ನು ಕಿವಿಯಲ್ಲಿ ಸೋತದ್ದೆಂದು ಹೇಳುವ ಕೇಳುಗನನ್ನು ನಾನಿನ್ನೂ ಕಂಡಿಲ್ಲ.

ಇದೇ ಚಿತ್ರದಲ್ಲಿ ಲತಾ ಮಂಗೇಶ್ಕರ್ ಅವರ ಹಾಡೊಂದಕ್ಕೆ ಪನ್ನಾಲಾಲ್ ಘೋಷ್ ಅವರ ಕೊಳಲಿದೆ. ಕೊಳಲನ್ನು ಉದ್ದಗೊಳಿಸಿ ಅದಕ್ಕೆ ಗಂಭೀರವಾದ ಮಂದ್ರವನ್ನು ತಂದುಕೊಟ್ಟವರು ಅವರು. ಅದನ್ನು ಕೇಳಿದಾಗ ನನಗೆ ನೆನಪಾದದ್ದು ಹಟ್ಟಿಯ ಗಣೆ. ಅರಮನೆಯ ನಡುವೆ ಒಂದು ಬಯಲು ತೆರೆದಂತಾಯಿತು. ಬಣ್ಣದ ಗಿಣಿ ಎಂದು ನಕ್ಕಿದ್ದಕ್ಕೆ ಅಂದು ನಾಚಿದೆ. ಆ ಹಾಡಿನಲ್ಲಿರುವುದು ಭೈರವಿಯ ಛಾಯೆ. ಇಲ್ಲೊಂದು ಸ್ವಾರಸ್ಯವಿದೆ. ಹಿಂದೂಸ್ತಾನಿ ಭೈರವಿಯ ಸ್ವರಗಳು ನಮ್ಮ ತೋಡಿಯ ಸ್ವರಗಳಿಗೆ ಸಮ. ನಮ್ಮ ಭೈರವಿಯಾದರೋ ನಠಭೈರವಿಯ ಜನ್ಯ. ಏರುವಾಗ ಒಂದು ಧೈವತ, ಇಳಿಯುವಾಗ ಇನ್ನೊಂದು. ಹೆಸರು ಒಂದೇ, ರಾಗ ಬೇರೆ. ಕಾದಂಬರಿಗೂ ಆ ಚಿತ್ರಕ್ಕೂ ಇರುವ ನಂಟು ಸಹ ಇಂಥದೇ. ಅದನ್ನು ದ್ರೋಹವೆನ್ನುವುದು ಸಲ್ಲದು. ಅದು ಇನ್ನೊಂದು ಪದ್ಧತಿ.

ಇನ್ನು 'ಹಂಸಗೀತೆ'. ಇಲ್ಲಿ ಮೇಳ ಆಸ್ಥಾನದ ಕಡೆಯದಲ್ಲ, ಸಾಧಕನ ಕಡೆಯದು. ಶ್ರುತಿ, ಕಂಠ, ಮಿತವಾದ ಪಕ್ಕವಾದ್ಯ, ಆಮೇಲೆ ದುರ್ಗದ ಬಂಡೆಗಳ ಮೌನ. ಒಂಬತ್ತನೆಯ ಶತಮಾನದ ಆನಂದವರ್ಧನ ಕಾವ್ಯದ ಆತ್ಮವನ್ನು ಧ್ವನಿ ಎಂದು ಕರೆದ. ಹೇಳದೆಯೇ ಹೊಳೆಸುವ ಆ ಶಕ್ತಿಗೆ ಸದ್ದಿನ ಹೆಸರನ್ನೇ ಇಟ್ಟದ್ದು ಎಷ್ಟು ಸಾರ್ಥಕ! ಅನಂತನಾಗ್ ಅವರ ವೆಂಕಟಸುಬ್ಬಯ್ಯ ಬಂಡೆಗಳ ನಡುವೆ ನಡೆಯುವಾಗ, ದುಃಖವಿದು, ಅಳಿರಿ ಎಂದು ಪಿಟೀಲುಗಳು ನಮಗೆ ಅಪ್ಪಣೆ ಕೊಡುವುದಿಲ್ಲ. ಈ ಚಿತ್ರದ ಗಾಯನಕ್ಕಾಗಿ ಬಾಲಮುರಳಿಯವರಿಗೆ ರಾಷ್ಟ್ರಪ್ರಶಸ್ತಿ ಸಂದಿತು. ಹಾಗೆಂದು ಇಲ್ಲಿ ಕೊರತೆಯಿಲ್ಲವೆಂದಲ್ಲ. ಕೆಲವೆಡೆ ಚಿತ್ರ ಕಚೇರಿಯಾಗುತ್ತದೆ. ವೆಂಕಟಸುಬ್ಬಯ್ಯನನ್ನು ಮರೆತು ನಾವು ಬಾಲಮುರಳಿಯವರನ್ನು ಕೇಳತೊಡಗುತ್ತೇವೆ. ಪಾತ್ರದ ಸಾಧನೆ ಇನ್ನೂ ಅರ್ಧದಾರಿಯಲ್ಲಿರುವಾಗ ಗಾಯಕನ ಸಿದ್ಧಿ ಪೂರ್ಣವಾಗಿರುತ್ತದೆ.

ತ.ರಾ.ಸು. ಅವರ ಮೂರು ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಕಡೆದ 'ನಾಗರಹಾವು' ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿ ಮೇಳದ ನಿಷ್ಠೆ ಬದಲಾಗುತ್ತಲೇ ಇರುತ್ತದೆ. ರಾಮಾಚಾರಿಯ ಸೇಡಿನ ಹಾಡಿನಲ್ಲಿ ಅದು ಅವನ ಹೆಡೆ. ಓಬವ್ವನ ಪ್ರಸಂಗದಲ್ಲಿ ಅದು ಇಡೀ ಕೋಟೆ. ನಿಧಾನಗತಿಯಲ್ಲಿ ಚಿತ್ರಿಸಿದ ಪ್ರೇಮಗೀತೆಯಲ್ಲಿ ಅದು ಪ್ರೇಕ್ಷಕನ ಕಡೆಗೆ ವಾಲಿ ಅವನನ್ನು ಮುದ್ದಿಸುತ್ತದೆ. ನಾಗರಹಾವು ಕೇರೆಹಾವಾಯಿತೆಂದು ತ.ರಾ.ಸು. ನೊಂದುಕೊಂಡರೆಂಬ ಮಾತು ಪ್ರಚಲಿತವಾಗಿದೆ. ಆ ನೋವಿನ ಮೂಲದಲ್ಲಿ ಈ ಮುದ್ದಿನ ಪಾಲೂ ಇದ್ದೀತೆ ಎಂದು ನಾನು ಯೋಚಿಸುವುದುಂಟು. ಆದರೆ ಇದೇ ವಿಜಯಭಾಸ್ಕರ್, ಮುಂದೆ 1989ರಲ್ಲಿ ಅಡೂರು ಗೋಪಾಲಕೃಷ್ಣನ್ ಅವರ ಮಲಯಾಳ ಚಿತ್ರ 'ಮದಿಲುಕಳ್'ಗೂ ಸಂಗೀತ ನೀಡಿದರು. ಸೆರೆಮನೆಯ ಗೋಡೆಯ ಆಚೆಗಿನ ಒಂದು ಹೆಣ್ಣುದನಿಯೇ ಪ್ರಾಣವಾಗಿರುವ ಆ ಚಿತ್ರದಲ್ಲಿ ಸಂಗೀತ ತನ್ನನ್ನು ತಾನು ಬಿಗಿಹಿಡಿದಿದೆ. ತುಂಬಿ ಹರಿಸಬಲ್ಲವನು ಕಟ್ಟೆ ಕಟ್ಟಿ ನಿಲ್ಲಿಸಲೂ ಬಲ್ಲ.

ಮೇಳವನ್ನು ತೂಗುವಾಗ ಇನ್ನೊಂದು ಎಚ್ಚರ ಬೇಕು: ನಾವು ಕೇಳುತ್ತಿರುವುದು ಯಾವ ಮುದ್ರಣ? ಹಳೆಯ 78 ಸುತ್ತಿನ ಗ್ರಾಮಫೋನ್ ಪ್ಲೇಟಿನ ಒಂದು ಮೈಯಲ್ಲಿ ಹಿಡಿಸುತ್ತಿದ್ದುದು ಸುಮಾರು ಮೂರು ನಿಮಿಷದ ಸಂಗೀತ. ಅದಕ್ಕೆ ಹೊಂದುವಂತೆ ಎಷ್ಟೋ ಹಾಡುಗಳ ನಡುವಣ ವಾದ್ಯಭಾಗ ಮೊಟಕಾಗುತ್ತಿತ್ತು. ಚಿತ್ರದಲ್ಲಿ ಹಾಡು ಪೂರ್ಣವಾಗಿದ್ದರೂ, ಫಿಲಂ ಸುರುಳಿಯ ಅಂಚಿನ ಧ್ವನಿಪಟ್ಟಿ ಅತಿ ಮೇಲಿನ ಸ್ವರಗಳ ಹೊಳಪನ್ನು ಉಳಿಸಿಕೊಳ್ಳುತ್ತಿರಲಿಲ್ಲ. ಅಂದು ಗಾಯಕರೂ ವಾದಕರೂ ಒಂದೇ ಕೊಠಡಿಯಲ್ಲಿ ಕೂಡಿ ನುಡಿಸುತ್ತಿದ್ದರು. ಒಬ್ಬ ತಪ್ಪಿದರೆ ಎಲ್ಲರೂ ಮೊದಲಿನಿಂದ. ಆ ಕೂಡುಸಿರು ಮುದ್ರಿಕೆಯಲ್ಲಿ ಕೇಳಿಸುತ್ತದೆ. ಗಣೇಶನ ಹಬ್ಬದ ರಸಮಂಜರಿಯಲ್ಲಿ ಅದೇ ಹಾಡನ್ನು ಕೇಳಿ ನೋಡಿ. ಪಿಟೀಲುಗಳ ಇಡೀ ಸಾಲನ್ನು ಒಂದು ಕೀಬೋರ್ಡು ನುಡಿಸುತ್ತದೆ. ಇದನ್ನು ಹಗುರವಾಗಿ ಕಾಣಬೇಡಿ. ಬಡಕಲು ಮೇಳದಲ್ಲೂ ಹಾಡು ನಿಂತಿತೆಂದರೆ ಅದರ ಎಲುಬು ಗಟ್ಟಿ. ಕುಸಿಯಿತೆಂದರೆ ಅದು ಮೈತುಂಬ ಆಭರಣದಿಂದಲೇ ನಿಂತಿತ್ತು.

ಕೊನೆಯದಾಗಿ, ನನ್ನನ್ನು ಕಾಡುವ ಒಂದು ಮಾತು. ಹಾಡುಗಳು ಪ್ಲೇಟಿನಲ್ಲಿ, ಕ್ಯಾಸೆಟ್ಟಿನಲ್ಲಿ ಉಳಿದವು. ಅಂದಿನ ಹಿನ್ನೆಲೆ ಸಂಗೀತಕ್ಕೆ ಆ ಭಾಗ್ಯವಿರಲಿಲ್ಲ. ಅದು ಚಿತ್ರದ ಪ್ರತಿಯಲ್ಲೇ ಹುಟ್ಟಿ ಅದರಲ್ಲೇ ಮುಗಿಯುತ್ತಿತ್ತು. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ 'ಸತಿ ಸುಲೋಚನಾ'ದ ಪ್ರತಿ ಇಂದು ನಮಗೆ ದೊರೆಯುವುದಿಲ್ಲ. ಅದರೊಡನೆ ಅದರ ಮೇಳವೂ ಹೋಯಿತು. ಕಾದಂಬರಿಯ ಪ್ರತಿ ಕಳೆದರೆ ಮರುಮುದ್ರಣ ಮಾಡಬಹುದು. ಕಳೆದುಹೋದ ಹಿನ್ನೆಲೆ ಸಂಗೀತವನ್ನು ಯಾವ ಓಲೆಗರಿಯಿಂದ ಸಂಪಾದಿಸೋಣ? ಪಿಟೀಲು ಹಿಡಿದವರ, ಕೊಳಲೂದಿದವರ ಹೆಸರುಗಳು ಸಹ ಬಹುಪಾಲು ಎಲ್ಲಿಯೂ ಅಚ್ಚಾಗಲಿಲ್ಲ.

ಹಿಂದಿನ ಬೆಂಚಿನ ಆ ಹುಡುಗನಿಗೆ ನಾನು ಅಂದು ಉತ್ತರ ಕೊಡಲಿಲ್ಲ. ಇಂದು ಕೊಡುತ್ತಿದ್ದೇನೆ. ನೋಡಿದ್ದೇನಪ್ಪ, ಕೇಳಿಯೂ ಇದ್ದೇನೆ. ಎರಡೂ ನಮ್ಮವೇ. ತಳುಕಿನ ಕಥೆ ದೇಶ ಸುತ್ತಿ ಒಂದು ಮೇಳವನ್ನು ಕೂಡಿಸಿತು, ದುರ್ಗಕ್ಕೆ ಮರಳಿ ಬಂದು ಇನ್ನೊಂದನ್ನು. ನೀನೂ ಕೇಳು; ತೀರ್ಪು ಆಮೇಲೆ ಹೇಳು.