ತಕ್ಕಡಿ ಹೇಳದ ಮಾತು

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಈ ಶಾಲೆಯಲ್ಲಿ ಕಲಿತು, ಬಿ.ಇ. ಮುಗಿಸಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ನಾನು ವೈದ್ಯನಲ್ಲ. ಆದರೂ ಮೈಯ ಅಳತೆಯ ಬಗ್ಗೆ ಮಾತಾಡಲು ಕಾರಣವಿದೆ. ನನ್ನ ಅಪ್ಪ ಸಣಕಲು ಆಳು. "ಇಂಥವರಿಗೆ ಎಲ್ಲಿಯ ಸಕ್ಕರೆ ಕಾಯಿಲೆ?" ಎಂದು ಮನೆಯವರೆಲ್ಲ ಸುಮ್ಮನಿದ್ದೆವು. ಕಾಲಿನ ಗಾಯ ಮಾಯದಿದ್ದಾಗಲೇ ರಕ್ತಪರೀಕ್ಷೆ ಮಾಡಿಸಿದ್ದು. ಅಷ್ಟರಲ್ಲಿ ತಡವಾಗಿತ್ತು, ಎರಡು ಬೆರಳು ಹೋದವು.

ಕಳೆದ ವರ್ಷ ನನ್ನ ಸರದಿ. ಎತ್ತರ 170 ಸೆಂ.ಮೀ., ತೂಕ 64 ಕೆ.ಜಿ. ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ 22.1. ಇದೇ ಬಿಎಂಐ. ಭಾರತೀಯರಿಗೆ 23ರ ಒಳಗಿದ್ದರೆ ಸರಿ ಎನ್ನುತ್ತಾರೆ. ಆದರೆ ನನ್ನ ಸಕ್ಕರೆ ಗಡಿ ಮುಟ್ಟಿತ್ತು.

ಈ ಸೂತ್ರ ಬೆಲ್ಜಿಯಂನ ಸಂಖ್ಯಾಶಾಸ್ತ್ರಜ್ಞ ಕ್ವೆಟಲೆಯದು, 1832ರ ಸುಮಾರಿನದು. ಆತ ಅಳೆಯಹೊರಟಿದ್ದು ಜನಸಮೂಹವನ್ನು, ಒಬ್ಬೊಬ್ಬರ ಆರೋಗ್ಯವನ್ನಲ್ಲ. ತದಡಿಯಲ್ಲಿ ಬಲೆ ಎಳೆಯುವವನಿಗೂ ಕುರ್ಚಿ ಬಿಟ್ಟೇಳದ ನನಗೂ ಒಂದೇ ಅಂಕೆ ಬರಬಹುದು. 2004ರಲ್ಲಿ ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಇದನ್ನು ತಮ್ಮ ಮೈಯನ್ನೇ ಅಳೆದು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತೋರಿಸಿದರು. ಇಬ್ಬರ ಬಿಎಂಐ 22.3. ಕೊಬ್ಬು ಮಾತ್ರ ಯುಡ್ಕಿನ್ನರಿಗೆ ಶೇ. 9.1, ಯಾಜ್ಞಿಕರಿಗೆ ಶೇ. 21.2!

ಹಾಗಾದರೆ ಕೊಬ್ಬನ್ನು ಅಳೆಯುವುದು ಹೇಗೆ? ಹಳೆಯ ದಾರಿ ನೀರಿನಲ್ಲಿ ಮುಳುಗಿಸಿ ತೂಗುವುದು. ಕೊಬ್ಬು ನೀರಿಗಿಂತ ಹಗುರ, ಉಳಿದ ಭಾಗ ಭಾರ. ಅಘನಾಶಿನಿಯಲ್ಲಿ ಈಜಿದವರಿಗೆ ಇದು ಹೊಸದಲ್ಲ: ದಪ್ಪಗಿದ್ದವರು ಸಲೀಸಾಗಿ ತೇಲುತ್ತಾರೆ. ಇನ್ನೊಂದು, ಚರ್ಮದ ಮಡಿಕೆಯನ್ನು ಚಿಮಟದಂಥ ಸಾಧನದಿಂದ ಹಿಡಿದು ಅಳೆಯುವುದು. ಖರ್ಚಿಲ್ಲ, ಆದರೆ ಅಳೆಯುವ ಕೈ ಪಳಗಿರಬೇಕು. ಹೊಟ್ಟೆಯೊಳಗಿನ ಕೊಬ್ಬು ಇದಕ್ಕೆ ಸಿಗದು.

ಈಗ ಮನೆಗಳಿಗೆ ಬಂದಿರುವ 'ಸ್ಮಾರ್ಟ್' ತೂಕದ ಯಂತ್ರ ಪಾದದ ಮೂಲಕ ಸಣ್ಣ ವಿದ್ಯುತ್ ಹರಿಸುತ್ತದೆ. ನೀರಿನಂಶ ಹೆಚ್ಚಿರುವ ಸ್ನಾಯುವಿನಲ್ಲಿ ಅದು ಸುಲಭವಾಗಿ ಹರಿಯುತ್ತದೆ, ಕೊಬ್ಬಿನಲ್ಲಿ ತಡೆಯುತ್ತದೆ. ನನ್ನ ಕಸುಬಿನವನಾಗಿ ಒಂದು ಗುಟ್ಟು ಹೇಳುತ್ತೇನೆ: ಯಂತ್ರ ಅಳೆಯುವುದು ತಡೆಯನ್ನಷ್ಟೇ, ಕೊಬ್ಬಿನ ಅಂಕೆ ಪ್ರೋಗ್ರಾಮಿನ ಅಂದಾಜು. ಬೆವರಿದರೆ, ನೀರು ಕುಡಿದರೆ ಅಂಕೆ ಬದಲಾದೀತು. ಎದೆಯಲ್ಲಿ ಪೇಸ್‌ಮೇಕರ್ ಇರುವವರು ಅದರ ಮೇಲೆ ನಿಲ್ಲಬಾರದು.

ಎರಡು ಬಗೆಯ ಎಕ್ಸ್-ರೇ ಬಳಸುವ ಡೆಕ್ಸಾ ಮೂಳೆ, ಕೊಬ್ಬು, ಉಳಿದದ್ದನ್ನು ಬೇರೆಬೇರೆಯಾಗಿ ತೋರಿಸುತ್ತದೆ. ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು. ಆದರೆ ದುಬಾರಿ, ದೊಡ್ಡ ಊರಿಗೇ ಹೋಗಬೇಕು.

ಹಾಗಾದರೆ ನಮಗೆ ಯಾವುದು? ದರ್ಜಿಯ ಟೇಪು! ಕೆಳಪಕ್ಕೆಲುಬು ಮತ್ತು ಸೊಂಟದ ಮೂಳೆಯ ನಡುವೆ, ಉಸಿರು ಬಿಟ್ಟು, ಹೊಟ್ಟೆ ಒಳಗೆಳೆಯದೆ ಅಳೆಯಿರಿ. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ಭಾರತೀಯರಿಗೆ ಹೇಳಿದ ಮಿತಿ. ನನ್ನದು 91 ಇತ್ತು. ತಕ್ಕಡಿ ಮುಚ್ಚಿಟ್ಟದ್ದನ್ನು ಟೇಪು ಹೇಳಿತು. ಮಕ್ಕಳಿಗೆ ಈ ಅಂಕೆ ಹಚ್ಚಬೇಡಿ, ಅವರ ಲೆಕ್ಕ ಬೇರೆ. ಟೇಪು ಕೂಡ ಎಚ್ಚರಿಕೆಯಷ್ಟೇ. ಮೂವತ್ತು ದಾಟಿದವರು ಸಣಕಲಿದ್ದರೂ ಸಕ್ಕರೆ ಪರೀಕ್ಷೆ ಮಾಡಿಸಿಕೊಳ್ಳಿ.

ಅಳೆದು ನೋಡದೆ ನಂಬಬೇಡ ಎಂದು ಇದೇ ಶಾಲೆಯ ವಿಜ್ಞಾನದ ಮಾಸ್ತರರು ಕಲಿಸಿದ್ದರು. ಅಪ್ಪನ ವಿಷಯದಲ್ಲಿ ನಾನು ಅದನ್ನು ಮರೆತೆ. ನೀವು ಮರೆಯಬೇಡಿ.