ಮೋಟಾರು ಹೊರಡದಿದ್ದರೆ

(ಠಾಕುರ್ಲಿಯ ಹೋಟೆಲು ಕೆಲಸಗಾರರ ಕೂಟದಲ್ಲಿ ಆಡಿದ ಮಾತುಗಳು)



ಈ ಠಾಕುರ್ಲಿಗೂ ಕರೆಂಟಿಗೂ ಹಳೆಯ ನಂಟು. 1925ರಲ್ಲಿ ಮುಂಬಯಿಯ ವಿ.ಟಿ.ಯಿಂದ ಕುರ್ಲಾಕ್ಕೆ ಮೊದಲ ವಿದ್ಯುತ್ ರೈಲು ಓಡಿತು. ಮುಂದೆ ರೈಲುಗಳಿಗೆ ಕರೆಂಟು ಒದಗಿಸಲೆಂದು ಇಲ್ಲಿ ಚೋಳಾ ಪವರ್ ಹೌಸು ಎದ್ದಿತು. ಅದು ಮುಚ್ಚಿ ದಶಕಗಳೇ ಕಳೆದವು. ಕರೆಂಟು ಮಾತ್ರ ಇಂದು ನಮ್ಮ ಕೈಗೇ ಬಂದಿದೆ. ಕಸಬರಿಗೆ ಹಿಡಿದ ಕೈಗೆ ಮಾಲೀಕರು ಮೋಟಾರು ಕೊಟ್ಟರು; ಅದರ ವಿದ್ಯೆ ಕೊಡಲಿಲ್ಲ.

ಹಾಲಿನ ಜಮಖಾನೆ ತೊಳೆಯುವ ಯಂತ್ರವನ್ನೇ ನೋಡಿ. ರಾತ್ರಿಯ ಊಟ ಮುಗಿದಿದೆ, ನೆಲದ ತುಂಬ ಸಾರು ಚೆಲ್ಲಿದೆ, ಬೆಳಿಗ್ಗೆ ಇನ್ನೊಂದು ಸಮಾರಂಭ. ಸ್ವಿಚ್ಚು ಒತ್ತಿದರೆ ಯಂತ್ರ ಮಾತಾಡುವುದಿಲ್ಲ. ಒದ್ದೆ ಕೈಯಲ್ಲಿ ಬಡಿದರೆ, ವಯರು ಎಳೆದರೆ ಯಂತ್ರ ಹೊರಡದು, ಪ್ರಾಣ ಹೊರಟೀತು.

ಮೊದಲು ಕೈ ಒರೆಸಿ, ಗೋಡೆಯ ಸ್ವಿಚ್ಚು ಆರಿಸಿ, ಪ್ಲಗ್ಗು ಕೀಳಬೇಕು. ಅದೇ ಪಾಯಿಂಟಿಗೆ ಒಂದು ದೀಪ ಹಚ್ಚಿ ನೋಡಬೇಕು. ದೀಪ ಉರಿಯದಿದ್ದರೆ ದೋಷ ಯಂತ್ರದ್ದಲ್ಲ. ಬೋರ್ಡಿನ ಟ್ರಿಪ್ ಸ್ವಿಚ್ಚು ಬಿದ್ದಿರಬಹುದು. ಅದನ್ನು ಎತ್ತಿ, ಯಂತ್ರ ಹಚ್ಚಿದೊಡನೆ ಮತ್ತೆ ಬಿದ್ದರೆ ಕರೆಂಟು ಎಲ್ಲೋ ಸೋರುತ್ತಿದೆಯೆಂದು ತಿಳಿದು ಯಂತ್ರವನ್ನು ಬದಿಗಿಡಬೇಕು.

ದೀಪ ಉರಿದರೆ, ಕಿತ್ತ ಪ್ಲಗ್ಗಿನಿಂದ ಯಂತ್ರದ ತನಕ ವಯರು ನೋಡಿರಿ. ಉರುಳುವ ಬ್ರಷ್ಷಿಗೆ ನೂಲು, ಕೂದಲು ಸುತ್ತಿದ್ದರೆ ಬಿಡಿಸಿರಿ. ಬಿಸಿಯಾಗಿ ತಾನೇ ನಿಂತಿದ್ದರೆ ಅರ್ಧ ಗಂಟೆ ತಣಿಯಲು ಬಿಡಿ. ಬಳಿಕ ಒಮ್ಮೆ ಹಚ್ಚಿ ಕಿವಿಗೊಡಿ. ಗುಂಯ್ ಎನ್ನುತ್ತ ತಿರುಗದಿದ್ದರೆ ಕೂಡಲೇ ಆರಿಸಿ, ಇಲ್ಲವಾದರೆ ಸುರುಳಿ ಸುಡುತ್ತದೆ. ಏನೋ ಸಿಕ್ಕಿಕೊಂಡಿರಬೇಕು, ಇಲ್ಲವೆ ಕೆಪಾಸಿಟರ್ ಸತ್ತಿರಬೇಕು. ಸದ್ದೇ ಇಲ್ಲದಿದ್ದರೆ ಒಳಗಿನ ಸ್ವಿಚ್ಚು ಕೆಟ್ಟಿರಬಹುದು, ಅಥವಾ ಕಾರ್ಬನ್ ಬ್ರಷ್ಷು ಪೆನ್ಸಿಲಿನಂತೆ ಸವೆದು ಗಿಡ್ಡವಾಗಿರಬಹುದು.

ಅಲ್ಲಿಗೆ ನಮ್ಮ ಕೆಲಸ ಮುಗಿಯಿತು. ಮುಚ್ಚಳ ಬಿಚ್ಚುವುದು ಇಲೆಕ್ಟ್ರಿಷಿಯನ್ನನ ಕೆಲಸ. ಪ್ಲಗ್ಗು ಕಿತ್ತ ಮೇಲೂ ಕೆಪಾಸಿಟರ್ ಹೊಡೆಯಬಲ್ಲದು.

ಇನ್ನೊಂದು ಮಾತು. ಪ್ಲಗ್ಗಿನ ಉದ್ದನೆಯ ದಪ್ಪ ಪಿನ್ನು ಅರ್ಥಿಂಗಿನದು. ಯಂತ್ರದ ಲೋಹದ ಮೈಗೆ 230 ವೋಲ್ಟು ತಗುಲಿದರೆ ಅದನ್ನು ನೆಲಕ್ಕೆ ಒಯ್ಯುವುದು ಆ ಪಿನ್ನೇ. ಅದನ್ನು ಮುರಿದು, ವಯರಿಗೆ ಬೆಂಕಿಕಡ್ಡಿ ಸಿಕ್ಕಿಸಿ ನಡೆಸೆಂದರೆ, "ಆಗದು ಸ್ವಾಮಿ" ಎನ್ನುವ ಎದೆ ನಮಗಿರಬೇಕು.

ಯಂತ್ರ ಕೆಟ್ಟಿತೆಂದು ಪಗಾರ ಹಿಡಿಯುವವರಿದ್ದಾರೆ. 1936ರ ವೇತನ ಪಾವತಿ ಕಾಯಿದೆಯಲ್ಲೂ, 2019ರ ವೇತನ ಸಂಹಿತೆಯಲ್ಲೂ ಒಂದೇ ಮಾತಿದೆ: ನಷ್ಟ ನೇರವಾಗಿ ಕೆಲಸಗಾರನ ಅಲಕ್ಷ್ಯದಿಂದ ಆಗಿರಬೇಕು, ಅವನ ಸಮಜಾಯಿಷಿ ಕೇಳಬೇಕು, ಹಿಡಿದ ಹಣ ನಷ್ಟವನ್ನು ಮೀರಬಾರದು. ಆದರೆ ಸಮಜಾಯಿಷಿ ಹೇಳಲು ನಮಗೆ ತಿಳಿದಿರಬೇಕಲ್ಲ? "ಏನೋ ನಿಂತುಹೋಯಿತು" ಎಂದವನ ತಲೆಗೆ ತಪ್ಪು ಕಟ್ಟುವುದು ಸುಲಭ. "ದೀಪ ಉರಿಯಿತು, ವಯರು ಸರಿ ಇತ್ತು, ಮೋಟಾರು ಗುಂಯ್ ಎಂದಿತು, ಕೂಡಲೇ ಆರಿಸಿದೆ" ಎಂದವನ ತಲೆಗೆ ಕಟ್ಟುವುದು ಸುಲಭವಲ್ಲ.

ಆದುದರಿಂದ ಪ್ರತಿಯೊಂದು ಹೋಟೆಲಿನಲ್ಲೂ ಒಂದು ಪುಸ್ತಕವಿಡೋಣ. ತಾರೀಕು, ಹೊತ್ತು, ಕಂಡದ್ದು, ಯಾರಿಗೆ ತಿಳಿಸಿದ್ದು, ಇಷ್ಟನ್ನು ಬರೆಯೋಣ. ಅಕ್ಷರ ಬಲ್ಲವರು ಈ ಕ್ರಮವನ್ನು ಕನ್ನಡದಲ್ಲಿ ದಪ್ಪಗೆ ಬರೆದು ಯಂತ್ರದ ಪಕ್ಕ ತೂಗುಹಾಕಿರಿ. ಅಕ್ಷರ ಬಾರದವರಿಗೆ ಓದಿ ಹೇಳಿರಿ.