ಮುಖವಾಡ ಬಿಚ್ಚಿದ ಮಿಸಾವ: 1990ರ ಆ 24 ನಿಮಿಷ

ಹಳೇ ಜಪಾನಿ ಕುಸ್ತಿ ನೋಡೋ ನಮ್ಮ ಸರಣಿಯಲ್ಲಿ ಇವತ್ತು ಒಂದೇ ಪಂದ್ಯ. 1990ರ ಜೂನ್ 8, ಟೋಕಿಯೋದ ನಿಪ್ಪಾನ್ ಬುಡೋಕಾನ್. ಮಿತ್ಸುಹಾರು ಮಿಸಾವ ವಿರುದ್ಧ ಜಂಬೋ ತ್ಸುರುತಾ.

ಡಬ್ಲ್ಯುಡಬ್ಲ್ಯುಇ ನೋಡಿ, ಟ್ರಂಪ್ ಕಾರ್ಡ್ ಆಡಿ ಬೆಳೆದವರಿಗೆ ಮೊದಲ ಐದು ನಿಮಿಷ ಸ್ವಲ್ಪ ಸಪ್ಪೆ ಅನ್ನಿಸಬಹುದು. ಪಟಾಕಿ ಇಲ್ಲ, ಮೈಕ್ ಹಿಡ್ಕೊಂಡು ಬೈದಾಡೋದಿಲ್ಲ. ಗೆಲ್ಲೋದ್ಯಾರು ಅಂತ ಮೊದಲೇ ತೀರ್ಮಾನ ಆಗಿರುತ್ತೆ ನಿಜ, ಇಲ್ಲೂ ಅಷ್ಟೇ. ಆದ್ರೆ ಮಿಸಾವನ ಮೊಣಕೈ ಏಟಿನ ಸದ್ದು ಇಯರ್‌ಫೋನ್‌ನಲ್ಲಿ ಕೇಳಿ ನೋಡಿ, ಅದು ಯಾರೂ ಬರೆದುಕೊಟ್ಟಿದ್ದಲ್ಲ.

ಹಿನ್ನೆಲೆ ಹೇಳ್ಬಿಡ್ತೀನಿ. ಆಲ್ ಜಪಾನ್ ಕಂಪನಿಯ ದೊಡ್ಡ ತಾರೆ ಟೆನ್ರ್ಯು ಆ ವರ್ಷವೇ ಬಿಟ್ಟು ಹೋಗಿದ್ದ. ಉಳಿದವನು ತ್ಸುರುತಾ: 39 ವರ್ಷ, ಆರಡಿ ಮೀರಿದ ಆಳು, 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ನಿಜವಾದ ಕುಸ್ತಿ ಆಡಿದವನು. ಈ ಕಡೆ 27ರ ಮಿಸಾವ. 1984ರಿಂದ ಟೈಗರ್ ಮಾಸ್ಕ್ ಅನ್ನೋ ಕಾಮಿಕ್ಸ್ ಪಾತ್ರದ ಮುಖವಾಡದೊಳಗೇ ಇದ್ದ. ಮೇ 14ರಂದು ಪಂದ್ಯ ನಡೀತಿರುವಾಗಲೇ ಜೊತೆಗಾರ ಕವಾಡನ ಕೈಲಿ ಅದರ ದಾರ ಬಿಚ್ಚಿಸಿ ಕಿತ್ತೆಸೆದ. ಅದಾಗಿ ಒಂದು ತಿಂಗಳೂ ಕಳೆದಿಲ್ಲ, ತ್ಸುರುತಾ ಮುಂದೆ ನಿಂತಿದ್ದಾನೆ.

ತ್ಸುರುತಾನೇ ಗೆಲ್ಲಬೇಕಿತ್ತಂತೆ. ಜನ ಮಿಸಾವನ ಹೆಸರು ಕೂಗೋದನ್ನ ಕೇಳಿ ಕಂಪನಿಯ ಮಾಲೀಕ ಜೈಂಟ್ ಬಾಬಾ ಅವತ್ತೇ ಮನಸ್ಸು ಬದಲಾಯಿಸಿದ ಅಂತ ಕಥೆ ಇದೆ. ವಿಡಿಯೋದಲ್ಲಿ ಆ ಕೂಗು ಕೇಳಿದ್ರೆ ನಂಬಬೇಕು ಅನ್ನಿಸುತ್ತೆ. ನಂಗಂತೂ ತ್ಸುರುತಾನ ಮುಖವೇ ಈ ಪಂದ್ಯದ ಅರ್ಧ ರುಚಿ. ಮೊದಲು ಅಸಡ್ಡೆ, ಆಮೇಲೆ ಕಿರಿಕಿರಿ, ಕೊನೆಗೆ ನಿಜವಾದ ಸಿಟ್ಟು. ಹುಡುಗನನ್ನ ದೊಡ್ಡವನು ಮಾಡೋದು ಹುಡುಗನ ಏಟಲ್ಲ, ಎದುರಿಗಿರೋ ಹಿರಿಯನ ಆ ಸಿಟ್ಟು. ಇಷ್ಟು ಧಾರಾಳವಾಗಿ ಸೋಲೋರು ಕಡಿಮೆ. ಸೆಪ್ಟೆಂಬರ್‌ನಲ್ಲಿ ಅವನೇ ವಾಪಸ್ ಗೆದ್ದ, ಅದು ಬೇರೆ ಮಾತು.

ಈಗ ಬ್ಯಾಕ್‌ಡ್ರಾಪ್ ವಿಷಯ. ಹಿಂದಿನಿಂದ ಸೊಂಟ ಹಿಡಿದು ಎತ್ತಿ, ತಾನೂ ಹಿಂದಕ್ಕೆ ಬೀಳ್ತಾ ಎದುರಾಳೀನ ನೆಲಕ್ಕೆ ಕೆಡವೋ ಪಟ್ಟು. ತ್ಸುರುತಾನ ಬ್ರಹ್ಮಾಸ್ತ್ರ. ಇಲ್ಲಿ ಕೊನೆಗೆ ಅದಕ್ಕೇ ಎತ್ತುತ್ತಾನೆ, ಮಿಸಾವ ಗಾಳಿಯಲ್ಲೇ ಮೈ ತಿರುಗಿಸಿ ಅವನ ಮೇಲೆ ಬೀಳ್ತಾನೆ. ಒಂದು, ಎರಡು, ಮೂರು. ಬುಡೋಕಾನ್ ಎದ್ದು ನಿಲ್ಲುತ್ತೆ, ಮಿಸಾವ ಅಳ್ತಾನೆ.

ಕಾಲೇಜಲ್ಲಿದ್ದಾಗ ಇಂಥ ಪಂದ್ಯಗಳಿಗೆ ನಾನು ನೋಟ್‌ಬುಕ್‌ನಲ್ಲಿ ನಕ್ಷತ್ರ ಹಾಕ್ತಿದ್ದೆ. ಕುತ್ತಿಗೆ ಮೇಲೆ ಬಿದ್ದಷ್ಟೂ ಒಂದು ನಕ್ಷತ್ರ ಜಾಸ್ತಿ. ತೊಂಬತ್ತರ ದಶಕದಲ್ಲಿ ಮಿಸಾವ, ಕವಾಡ, ಕೊಬಾಶಿ ವರ್ಷದಿಂದ ವರ್ಷಕ್ಕೆ ಇನ್ನೂ ಅಪಾಯವಾಗಿ ಬೀಳ್ತಾ ಹೋದ್ರು, ಯಾಕಂದ್ರೆ ಚಪ್ಪಾಳೆ ಹೊಡೆಯೋರು ಇನ್ನೂ ಬೇಕು ಅಂದ್ರು. ಅದ್ರಲ್ಲಿ ನಾನೂ ಒಬ್ಬ, ವಿಡಿಯೋ ಮುಂದೆ ಕೂತಿದ್ದೆ ಅಷ್ಟೆ.

2009ರ ಜೂನ್ 13, ಹಿರೋಶಿಮಾ. 46ರ ಮಿಸಾವನನ್ನ ಎದುರಾಳಿ ಬ್ಯಾಕ್‌ಡ್ರಾಪ್ ಹಾಕಿದ. ಅವನು ಸಾವಿರಾರು ಸಲ ತಿಂದಿದ್ದ ಪಟ್ಟು. ಮತ್ತೆ ಏಳಲಿಲ್ಲ, ಅವತ್ತು ರಾತ್ರಿಯೇ ತೀರಿಹೋದ. ಹಾಕಿದವನ ತಪ್ಪು ಅಂತ ನಾನು ಹೇಳಲ್ಲ. ವರ್ಷಗಟ್ಟಲೆ ಸವೆದ ಕುತ್ತಿಗೆ ಅದು.

ಮೊನ್ನೆ ಈ ಎಪಿಸೋಡ್‌ಗೆ ಅಂತ 1990ರ ಪಂದ್ಯ ಮತ್ತೆ ಹಾಕಿದೆ. ಈಗಲೂ ಅದ್ಭುತವೇ, ನೀವೂ ನೋಡಿ. ಆದ್ರೆ ತ್ಸುರುತಾ ಸೊಂಟಕ್ಕೆ ಕೈ ಹಾಕಿದಾಗೆಲ್ಲ ನಾನು ಪೆನ್ ಕೆಳಗಿಟ್ಟು, ಮಿಸಾವ ಎದ್ದು ಕೂರೋವರೆಗೂ ಕಾಯ್ತಿದ್ದೆ.